ಗಡಿಯಾಚೆಯ ಕನ್ನಡ ಕಲಾವಿದರಿಗೆ ವಾಸಸ್ಥಳ ಪತ್ರದಿಂದ ವಿನಾಯಿತಿ ಕೋರಿ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ವಾರ್ಷಿಕ ಕಲಾ ಪ್ರದರ್ಶನದ ಆಯ್ಕೆ ಸಮಿತಿ, ಬೆಂಗಳೂರು.

ಇವರಿಂದ,
ನಾಸಿಕ್ ಹಾಗೂ ಛತ್ರಪತಿ ಸಂಭಾಜಿನಗರದಲ್ಲಿ ನೆಲೆಸಿರುವ ಕನ್ನಡಿಗ ಕಲಾವಿದರು.

ಉಲ್ಲೇಖ: ಉತ್ತರ ಬಾರದೆ ಉಳಿದ ನಮ್ಮ ಹಿಂದಿನ ಮನವಿಗಳು.

ಮಾನ್ಯರೇ,

ಕರ್ನಾಟಕದ ವಾಸಸ್ಥಳ ದೃಢೀಕರಣ ಪತ್ರವಿಲ್ಲವೆಂದು ಈ ಸಾಲಿನಲ್ಲೂ ನಮ್ಮೆಲ್ಲರ ಅರ್ಜಿಗಳು ತಿರಸ್ಕೃತವಾಗಿವೆ. ಈ ಪತ್ರ ಕಡ್ಡಾಯವೆಂಬ ನಿಯಮ ತಮಗೆ ತಿಳಿದದ್ದೇ. ಆದರೆ ನಮ್ಮಲ್ಲೊಬ್ಬರಿಗೆ ಬಂದ ಹಿಂಬರಹದಲ್ಲಿ ‘ಕೃತಿಯು ಕರ್ನಾಟಕ ಸಂಸ್ಕೃತಿಗೆ ಸಂಬಂಧಿಸಿಲ್ಲ’ ಎಂದೂ ಸೇರಿಸಲಾಗಿದೆ. ಇದನ್ನು ಮಾತ್ರ ನುಂಗಿಕೊಳ್ಳಲಾರೆವು.

ಆ ಕೃತಿ, ನಾಸಿಕ್‌ನ ಕನ್ನಡ ಮನೆಗಳಿಂದ ಕೇಳಿ ತಂದ ಹಿತ್ತಾಳೆ ಪಾತ್ರೆಗಳ ಪ್ರತಿಷ್ಠಾಪನೆ (ಇನ್‌ಸ್ಟಲೇಶನ್). ಅಜ್ಜಿಯ ಕೊಡದ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಕನ್ನಡದಲ್ಲಿ. ಮೊಮ್ಮಗನ ಮದುವೆಯಲ್ಲಿ ಬಂದ ತಪ್ಪಲೆಯ ಮೇಲೆ ಅದೇ ಮನೆತನದ ಹೆಸರು ದೇವನಾಗರಿಯಲ್ಲಿ. ಕೊಡದ ಹೆಸರು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅರ್ಧ ಸವೆದಿದೆ. ಕರ್ನಾಟಕಕ್ಕೆ ಸಂಬಂಧವಿಲ್ಲವೆಂದು ಬರೆದವರು ಕೃತಿಯ ಫೋಟೋಗಳನ್ನಾದರೂ ನೋಡಿದ್ದರೇ ಎಂಬುದು ನಮ್ಮ ವಿನಮ್ರ ಪ್ರಶ್ನೆ.

ಅದೇ ಪ್ರದರ್ಶನದ ಆಹ್ವಾನ ಪತ್ರಿಕೆಯ ಮುಖಪುಟದಲ್ಲಿ ತಾವು ಅಚ್ಚು ಹಾಕಿಸಿದ್ದು ಎಲ್ಲೋರಾದ ಕೈಲಾಸ ದೇಗುಲವನ್ನು! ರಾಷ್ಟ್ರಕೂಟರ ಒಂದನೆಯ ಕೃಷ್ಣ 8ನೇ ಶತಮಾನದಲ್ಲಿ ಕೊರೆಸಿದ ಆ 16ನೇ ಗುಹೆ ಸಂಭಾಜಿನಗರದಿಂದ ಸುಮಾರು 30 ಕಿ.ಮೀ. ದೂರದಲ್ಲಿದೆ. ದೇಗುಲ ನಮ್ಮದು, ಅದರ ಪಕ್ಕದ ಕನ್ನಡಿಗ ಹೊರಗಿನವನು ಎಂಬುದು ಯಾವ ನ್ಯಾಯ? ‘ಕವಿರಾಜಮಾರ್ಗ’ ಹೇಳುವ ಕಾವೇರಿಯಿಂದ ಗೋದಾವರಿವರೆಗಿನ ನಾಡು ಪ್ರತಿ ನವೆಂಬರ್‌ನ ಭಾಷಣಗಳಲ್ಲಿ ಬರುತ್ತದೆ. ಆ ಗೋದಾವರಿ ಹುಟ್ಟುವುದು ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದ ಬಳಿ. ಹಾಗೆಂದು ಗಡಿ ಜಗಳ ನಮಗೆ ಬೇಡ, ಮರಾಠಿ ನೆರೆಹೊರೆಯೊಂದಿಗೆ ಚೆನ್ನಾಗಿಯೇ ಇದ್ದೇವೆ.

ಹಿಂಬರಹದ ನಕಲು, ಆಹ್ವಾನ ಪತ್ರಿಕೆ, ಪಾತ್ರೆಗಳ ಛಾಯಾಚಿತ್ರ, ಪಾತ್ರೆ ಕೊಟ್ಟ ಮನೆಯವರ ಒಪ್ಪಿಗೆ ಪತ್ರಗಳು, ನಮ್ಮ ಕನ್ನಡ ಶಾಲೆಗಳ ವರ್ಗಾವಣೆ ಪತ್ರಗಳು ಹಾಗೂ ಹಿಂದಿನ ಮನವಿಗಳ ಅಂಚೆ ರಸೀದಿಗಳನ್ನು ಲಗತ್ತಿಸಿದ್ದೇವೆ.

ಆದ್ದರಿಂದ ಆ ಹಿಂಬರಹವನ್ನು ಹಿಂಪಡೆಯಬೇಕು. ಗಡಿಯಾಚೆಯವರಿಗೆ ವಾಸಸ್ಥಳ ಪತ್ರದ ಬದಲು ಶಾಲಾ ದಾಖಲೆ ಅಥವಾ ಸ್ವಯಂಘೋಷಣೆ ಸಾಕೆಂದು ಆದೇಶಿಸಬೇಕು.

ಮುಂದಿನ ಸಾಲಿನ ಅರ್ಜಿ ಕರೆಯುವ ಮುನ್ನ ಲಿಖಿತ ಉತ್ತರ ದಯಪಾಲಿಸಬೇಕು. ಫೋನಿನಲ್ಲಿ ‘ನೋಡೋಣ’ ಎಂದದ್ದನ್ನು ಉತ್ತರವೆಂದು ಇನ್ನು ಒಪ್ಪುವುದಿಲ್ಲ.

ತಮ್ಮ ವಿಶ್ವಾಸಿಗಳು,
(ಸದಸ್ಯರ ಸಹಿಗಳು)