ಕಾಯಿಲೆಯೂ ಕಾಯಕವೂ

ಆರೋಗ್ಯವಂತನು ಮಾತ್ರ ಲೋಕಸೇವೆ ಮಾಡಬಲ್ಲನು, ರೋಗಿಯು ಪರರ ಸೇವೆಯನ್ನು ಪಡೆಯಬಹುದೇ ಹೊರತು ತಾನು ಸಲ್ಲಿಸಲಾರನು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಇದು ಅರ್ಧ ಸತ್ಯ. ಧರ್ಮಾಚರಣೆಗೆ ದೇಹವೇ ಮೊದಲ ಸಾಧನವೆಂದು ಹಿರಿಯರು ಹೇಳಿರುವುದು ದಿಟ. ಆದರೆ ಸಾಧನವು ಕುಂದಿದ ಮಾತ್ರಕ್ಕೆ ಕೆಲಸವೇ ನಿಲ್ಲಬೇಕಾಗಿಲ್ಲ. ಕುಂದಿದ ದೇಹದಿಂದಲೇ ಮಹತ್ಕಾರ್ಯವನ್ನು ಮಾಡಿ ತೋರಿಸಿದವರಲ್ಲಿ ಆಚಾರ್ಯ ವಿನೋಬಾ ಭಾವೆಯವರು ಒಬ್ಬರು.

ಉಲ್ಹಾಸನಗರದಲ್ಲಿ ಕನ್ನಡ ಕಲಿಯುವ ನಮಗೆ ವಿನೋಬಾ ದೂರದವರಲ್ಲ. 1895ರ ಸೆಪ್ಟೆಂಬರ್ 11ರಂದು ಅವರು ಜನಿಸಿದ ಗಾಗೋದೆ ಗ್ರಾಮವು ನೆರೆಯ ರಾಯಗಡ ಜಿಲ್ಲೆಯ ಪೇಣ್ ತಾಲ್ಲೂಕಿನಲ್ಲಿದೆ. ಅವರ ಮನೆಮಾತು ಮರಾಠಿ. ಆದರೂ 1942ರ ಚಳವಳಿಯಲ್ಲಿ ಬಂಧಿತರಾಗಿ ವೆಲ್ಲೂರಿನ ಸೆರೆಮನೆಯಲ್ಲಿದ್ದಾಗ ದಕ್ಷಿಣದ ನಾಲ್ಕು ಭಾಷೆಗಳನ್ನೂ ಅಭ್ಯಾಸ ಮಾಡಿದರು. ಅವುಗಳಲ್ಲಿ ನಮ್ಮ ಕನ್ನಡವೂ ಒಂದು.

1938ರಲ್ಲಿ ಅವರ ದೇಹಸ್ಥಿತಿ ತೀರ ಹದಗೆಟ್ಟಿತು. ಗಾಂಧೀಜಿಯವರು ಚಿಂತಾಕುಲರಾಗಿ, ಎಲ್ಲಿಯಾದರೂ ತಂಪಾದ ಗಿರಿಧಾಮದಲ್ಲಿ ವಿಶ್ರಾಂತಿ ಪಡೆಯಲು ಸೂಚಿಸಿದರು. ವಿನೋಬಾ ಆರಿಸಿಕೊಂಡದ್ದು ವಾರ್ಧಾಕ್ಕೆ ಸಮೀಪದ ಪವನಾರವನ್ನು. ಧಾಮ ನದಿಯ ಸೇತುವೆಯನ್ನು ದಾಟುತ್ತ, ಚಿಂತೆಗಳೆಲ್ಲವನ್ನೂ ಇಲ್ಲಿಯೇ ತ್ಯಜಿಸಿದೆನೆಂದು ಸಂಕಲ್ಪ ಮಾಡಿದರು. ಬಳಿಕ ಗುದ್ದಲಿ ಹಿಡಿದು ನೆಲವನ್ನು ಅಗೆಯತೊಡಗಿದರು. ಮೊದಮೊದಲು ಕೆಲವೇ ನಿಮಿಷಗಳ ಕೆಲಸ. ಶಕ್ತಿ ಬಂದಂತೆ ಅವಧಿಯೂ ಬೆಳೆಯಿತು. ಕೆಲವು ತಿಂಗಳುಗಳಲ್ಲಿ ದೇಹ ಚೇತರಿಸಿಕೊಂಡಿತು. ಇಲ್ಲಿ ಗಮನಿಸತಕ್ಕದ್ದು ಅವರ ಹಠವನ್ನಲ್ಲ, ಅವರ ಲೆಕ್ಕಾಚಾರವನ್ನು. ಶಕ್ತಿ ಎಷ್ಟಿತ್ತೋ ಅಷ್ಟೇ ಕೆಲಸ. ಆದರೆ ಅಷ್ಟನ್ನು ಅವರು ಬಿಡಲಿಲ್ಲ.

ಮುಂದೆಯೂ ಕರುಳಿನ ಹುಣ್ಣು ಅವರ ಬೆನ್ನು ಬಿಡಲಿಲ್ಲ. ಅದಕ್ಕೆ ತಕ್ಕಂತೆ ಹಾಲು, ಮೊಸರುಗಳ ಮಿತಾಹಾರವನ್ನು ರೂಢಿಸಿಕೊಂಡರು. ಇಂತಹ ದೇಹವನ್ನು ಹೊತ್ತೇ ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ ತೆಲಂಗಾಣದ ಹಳ್ಳಿಗಳಲ್ಲಿ ನಡೆದರು. 1951ರ ಏಪ್ರಿಲ್ 18ರಂದು ಪೋಚಂಪಲ್ಲಿಯಲ್ಲಿ ಭೂಮಿಯಿಲ್ಲದ ಹರಿಜನರು 80 ಎಕರೆ ನೆಲವನ್ನು ಕೇಳಿದಾಗ, ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡಲು ಮುಂದೆ ಬಂದರು. ಭೂದಾನ ಹುಟ್ಟಿದ್ದು ಹೀಗೆ. 1964ರಲ್ಲಿ ಪವನಾರಕ್ಕೆ ಮರಳುವವರೆಗೆ, ಹದಿಮೂರು ವರ್ಷಗಳ ಕಾಲ ವಿನೋಬಾ ಊರಿಂದೂರಿಗೆ ನಡೆದರು. 1957ರಲ್ಲಿ ಆ ಯಾತ್ರೆ ಕನ್ನಡ ನಾಡಿಗೂ ಬಂದಿತು. ಮೈಸೂರಿನ ಬಳಿಯ ಯಲವಾಲದಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ರಾಷ್ಟ್ರಪತಿ ರಾಜೇಂದ್ರ ಪ್ರಸಾದರೂ ಪ್ರಧಾನಿ ನೆಹರೂ ಅವರೂ ಬಂದಿದ್ದರು. ದಾನವಾಗಿ ಬಂದ ನೆಲದಲ್ಲಿ ಸಾಗುವಳಿಗೆ ಬಾರದ ಬರಡು ಭೂಮಿಯೂ ಇತ್ತು, ಹಂಚಿಕೆಯಾಗದೆ ಉಳಿದದ್ದೂ ಬಹಳ ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಲಕ್ಷಾಂತರ ಎಕರೆಗಳು ಬಡವರ ಕೈ ಸೇರಿದವು.

ಅವರನ್ನು ನಡೆಸಿದ ಬಲ ಯಾವುದು? ಅದು ಶ್ರದ್ಧೆ. 1932ರಲ್ಲಿ ಧುಳೆಯ ಸೆರೆಮನೆಯಲ್ಲಿ ಸಹಬಂದಿಗಳಿಗೆ ಅವರು ಗೀತೆಯನ್ನು ಕುರಿತು ಪ್ರವಚನ ಮಾಡಿದರು. ಸಾನೆ ಗುರೂಜಿಯವರು ಅವನ್ನು ಬರೆದಿಟ್ಟುಕೊಂಡರು. ಫಲದ ಚಿಂತೆಯನ್ನು ಬಿಟ್ಟು ಕರ್ತವ್ಯವನ್ನು ಮಾಡುವುದೇ ಪೂಜೆಯೆಂದು ನಂಬಿದವನಿಗೆ, 'ಪೂರ್ಣ ಗುಣವಾದ ಮೇಲೆ ಆರಂಭಿಸುತ್ತೇನೆ' ಎಂಬ ನೆಪ ಉಳಿಯುವುದಿಲ್ಲ. ನಮ್ಮ ಶರಣರು ಕಾಯಕವೆಂದು ಕರೆದುದೂ ಇದನ್ನೇ ಅಲ್ಲವೇ?

ಹಾಗೆಂದು ಶ್ರದ್ಧೆಯನ್ನು ಔಷಧಕ್ಕೆ ಎದುರಾಗಿ ನಿಲ್ಲಿಸಬಾರದು. 1952ರ ಡಿಸೆಂಬರಿನಲ್ಲಿ, ಆಗ ಬಿಹಾರಕ್ಕೆ ಸೇರಿದ್ದ ಚಾಂಡಿಲ್ ಎಂಬಲ್ಲಿ ವಿನೋಬಾ ಅವರಿಗೆ ವಿಷಮ ಮಲೇರಿಯಾ ತಗಲಿತು. ಭಗವಂತನ ನಾಮವೇ ಸಾಕೆಂದು ಅವರು ಮೊದಲು ಔಷಧವನ್ನು ಒಲ್ಲೆನೆಂದರು. ಪ್ರಾಣಕ್ಕೇ ಅಪಾಯ ಒದಗಿದಾಗ ಹಿತೈಷಿಗಳ ಒತ್ತಾಯಕ್ಕೆ ಮಣಿದು ಸ್ವೀಕರಿಸಿದರು. ಗುಣಮುಖರಾಗಿ ಮತ್ತೆ ನಡೆದರು. ಆ ಔಷಧವಿಲ್ಲದಿದ್ದರೆ ಮುಂದಿನ ಯಾತ್ರೆಯೂ ಇಲ್ಲ. ನನ್ನ ಮತದಲ್ಲಿ ಅವರ ಮೊದಲ ನಿರಾಕರಣೆಗಿಂತ ಆ ಮಣಿದ ನಡತೆಯೇ ನಮಗೆ ಹೆಚ್ಚು ಅನುಕರಣೀಯವಾದುದು.

ವಿದ್ಯಾರ್ಥಿ ಬಂಧುಗಳೇ, ನಮ್ಮ ತರಗತಿಗಳಲ್ಲಿಯೂ ಉಬ್ಬಸದಿಂದ ಬಳಲುವವರು, ದಿನವೂ ಮಾತ್ರೆ ನುಂಗಬೇಕಾದವರು, ಆಟದ ಬಯಲಿನ ಅಂಚಿನಲ್ಲಿ ಕುಳಿತು ನೋಡುವವರು ಇದ್ದಾರೆ. ಅವರಿಗೆ 'ವಿನೋಬಾರಂತೆ ನಡೆ' ಎಂದು ಉಪದೇಶಿಸುವುದು ಕ್ರೌರ್ಯ. 'ನಿನ್ನಿಂದೇನೂ ಆಗದು' ಎಂದು ಬದಿಗಿಡುವುದು ಇನ್ನೂ ದೊಡ್ಡ ಕ್ರೌರ್ಯ. ಓಡಲಾರದವನು ಅಂಕಗಳ ಲೆಕ್ಕ ಬರೆಯಬಲ್ಲನು. ಭಾರ ಹೊರಲಾರದವಳು ಚಿಕ್ಕ ಮಕ್ಕಳಿಗೆ ಪಾಠ ಹೇಳಬಲ್ಲಳು. ದೇಹ ಸೊರಗಿದವರಿಗೆ ವಿನೋಬಾ ಅವರ ಬದುಕು ಹೇಳುವುದಿಷ್ಟೆ: ಔಷಧ ಬಿಡಬೇಡಿ, ಪಥ್ಯ ಮೀರಬೇಡಿ, ನಿಮ್ಮ ಪಾಲಿನ ಕೆಲವು ನಿಮಿಷಗಳ ಕೆಲಸವನ್ನು ಯಾರಿಗೂ ಬಿಟ್ಟುಕೊಡಬೇಡಿ. ಆ ಕೆಲಸಕ್ಕೆ ಅವಕಾಶ ಮಾಡಿಕೊಡುವುದು ಗಟ್ಟಿಮುಟ್ಟಾದ ನಮ್ಮೆಲ್ಲರ ಧರ್ಮ.