ಐವಿಎಫ್: ಸಹಿಗೆ ಮೊದಲು ಕನ್ನಡದಲ್ಲಿ ಹೇಳಲಿ

ಚಾಮರಾಜನಗರ, ತಾಳವಾಡಿ ಕಡೆಯಿಂದ ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ, ಅನ್ನೂರು ದಾರಿಯಾಗಿ ಕೊಯಮತ್ತೂರಿನ ಆಸ್ಪತ್ರೆಗಳಿಗೆ ಹೋಗಿಬರುವುದು ಗಡಿ ಜನರಿಗೆ ಹೊಸದೇನಲ್ಲ. ಕಣ್ಣು, ಹೃದಯ, ಕಿಡ್ನಿ ಎಂದು ಹೋಗುವವರು ಊರಿಗೆಲ್ಲ ಹೇಳಿ ಹೋಗುತ್ತಾರೆ. ಮಕ್ಕಳಾಗಲಿಲ್ಲ ಎಂದು ಹೋಗುವವರು ಮಾತ್ರ ‘ಸುಮ್ನೆ ನೆಂಟರ ಮನೆಗೆ’ ಅಂತಾರೆ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವ ಕನ್ನಡದ ಕುಟುಂಬಗಳದ್ದೂ, ಕೊಯಮತ್ತೂರಿನಲ್ಲೇ ತಲೆಮಾರುಗಳಿಂದ ಇರುವ ದೇವಾಂಗ, ಒಕ್ಕಲಿಗ ಮನೆಗಳದ್ದೂ ಇದೇ ಕತೆ. ಹೀಗೆ ಗುಟ್ಟಾಗಿ ಹೋದವರಿಗೆ ಕೇಳಿ ತಿಳಿಯಲು ಯಾರೂ ಇರುವುದಿಲ್ಲ. ಗೊತ್ತಿರುವುದು ರಸ್ತೆ ಬದಿಯ ಬೋರ್ಡಿನಲ್ಲಿ ನಗುವ ಮಗುವಿನ ಚಿತ್ರವೊಂದೇ.

ಆ ಬೋರ್ಡು ಹೇಳದ ಸಂಗತಿ ಬಹಳಷ್ಟಿದೆ. ಮುಟ್ಟಾದ ಎರಡನೆಯ ಅಥವಾ ಮೂರನೆಯ ದಿನದಿಂದ ಹೆಣ್ಣಿಗೆ ದಿನವೂ ಇಂಜೆಕ್ಷನ್ ಶುರುವಾಗುತ್ತದೆ. ಸಾಮಾನ್ಯವಾಗಿ 8ರಿಂದ 14 ದಿನ. ನಡುನಡುವೆ ಸ್ಕ್ಯಾನ್, ರಕ್ತ ಪರೀಕ್ಷೆ. ಅಂಡಾಣು ಬಲಿತ ಮೇಲೆ ಕೊನೆಯದೊಂದು ಇಂಜೆಕ್ಷನ್. ಅದಾಗಿ ಸುಮಾರು 36 ಗಂಟೆಗೆ ಮತ್ತು ಬರಿಸಿ ಸೂಜಿಯಿಂದ ಅಂಡಾಣು ತೆಗೆಯುತ್ತಾರೆ. ಈ ಕೊನೆಯ ಇಂಜೆಕ್ಷನ್ನಿನ ವೇಳೆ ತಪ್ಪಿದರೆ ಅಷ್ಟೂ ದಿನದ ಶ್ರಮ ನೀರುಪಾಲಾಗಬಹುದು. ಪ್ರಯೋಗಾಲಯದಲ್ಲಿ ವೀರ್ಯಾಣು ಸೇರಿಸಿ, ಮೂರು ಅಥವಾ ಐದು ದಿನ ಬೆಳೆಸಿದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುತ್ತಾರೆ. ಕೆಲವರಿಗೆ ಭ್ರೂಣವನ್ನು ಶೀತಲದಲ್ಲಿಟ್ಟು ಮುಂದಿನ ತಿಂಗಳುಗಳಲ್ಲಿ ಬಿಡುವುದೂ ಉಂಟು. ಬಿಟ್ಟ ಮೇಲೆ ಫಲಿತಾಂಶ ತಿಳಿಯಲು ಎರಡು ವಾರದಷ್ಟು ಕಾಯಬೇಕು. ಎಲ್ಲಕ್ಕಿಂತ ಕಷ್ಟದ ದಿನಗಳು ಇವೇ ಎನ್ನುವ ಹೆಂಗಸರಿದ್ದಾರೆ.

ದಿನಗೂಲಿಯವರು ಇಷ್ಟು ರಜೆ ಎಲ್ಲಿಂದ ತರಬೇಕು? ಖರ್ಚಿನಲ್ಲಿ ಲಕ್ಷ ರೂಪಾಯಿ ದಾಟುವುದು ಮಾಮೂಲು. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಈ ಚಿಕಿತ್ಸೆ ಸೇರಿಲ್ಲ.

ಇನ್ನೊಂದು ಮಾತು ಘಾಟಿ ಮೇಲಿನವರಿಗೆ. ಔಷಧದಿಂದ ಕೆಲವರಲ್ಲಿ ಅಂಡಾಶಯ ಅತಿಯಾಗಿ ಊದಿಕೊಳ್ಳುತ್ತದೆ. ಹೊಟ್ಟೆ ಉಬ್ಬರ, ವಾಂತಿ, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು ಇದರ ಸೂಚನೆ. ಹೀಗಾದರೆ ‘ಬೆಳಿಗ್ಗೆ ನೋಡೋಣ’ ಎನ್ನುವ ಹಾಗಿಲ್ಲ. ದಿಂಬಂನಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಆಂಬುಲೆನ್ಸ್ ಬಿಡುತ್ತಾರೆ ನಿಜ, ಆದರೆ ಆ ಹೊತ್ತಿನಲ್ಲಿ ಗಾಡಿ ಹೊಂದಿಸುವುದು ಎಷ್ಟು ಕಷ್ಟವೆಂದು ಹಳ್ಳಿಯವರಿಗೆ ಗೊತ್ತು. ಅಂಡಾಣು ತೆಗೆದ ನಂತರ ಕೆಲವು ದಿನ ಕೆಳಗೇ ಉಳಿಯುವುದು ಲೇಸು.

ಇಷ್ಟೆಲ್ಲ ಆದರೂ ಮಗು ಖಾತ್ರಿಯಿಲ್ಲ. ಬ್ರಿಟನ್ನಿನ ಅಧಿಕೃತ ಅಂಕಿಅಂಶದಲ್ಲೇ 35ರೊಳಗಿನ ಹೆಣ್ಣುಮಕ್ಕಳಿಗೆ ಒಂದು ಭ್ರೂಣ ಬಿಟ್ಟಾಗ ಮಗು ಹುಟ್ಟುವುದು ಸುಮಾರು ಮೂರರಲ್ಲಿ ಒಂದು ಸಲ. 40 ದಾಟಿದ ಮೇಲೆ ಅದು ತೀರಾ ಇಳಿದುಹೋಗುತ್ತದೆ. ‘ಒಂದೇ ಸಲಕ್ಕೆ ಆಗೋಗುತ್ತೆ’ ಎಂದು ಯಾರಾದರೂ ಅಂದರೆ ಅನುಮಾನಪಡುವುದೇ ಸರಿ. ಸೊಸೆಯನ್ನೇ ದೂರುವ ಅತ್ತೆಯಂದಿರೂ ಒಂದು ತಿಳಿಯಬೇಕು: ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಅವನ ಪರೀಕ್ಷೆ ಸುಲಭ, ಅಗ್ಗ. ಆದರೂ ಎಷ್ಟೋ ಮನೆಗಳಲ್ಲಿ ಅದು ಕೊನೆಗೆ ಬರುತ್ತದೆ.

ಈ ಕ್ಷೇತ್ರಕ್ಕೆ ಕಾನೂನು ಬಂದದ್ದೇ ತಡವಾಗಿ. ದೇಶದ ಮೊದಲ ಪ್ರನಾಳ ಶಿಶು ಕೋಲ್ಕತ್ತದಲ್ಲಿ ಹುಟ್ಟಿದ್ದು 1978ರಲ್ಲಿ, ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ ಆದದ್ದು 2021ರಲ್ಲಿ, ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಅದೇ 2022ರಲ್ಲಿ ಪಕ್ಕದ ಈರೋಡಿನಲ್ಲಿ 16ರ ಬಾಲಕಿಯ ಅಂಡಾಣುಗಳನ್ನು, ವಯಸ್ಸು ತಿದ್ದಿದ ಆಧಾರ್ ಕಾರ್ಡು ತೋರಿಸಿ ಹಲವು ಸಲ ಮಾರಿದ್ದು ಬಯಲಾಯಿತು. ಕಾಯ್ದೆಯ ಪ್ರಕಾರ ಅಂಡಾಣು ಕೊಡುವವಳಿಗೆ 23ರಿಂದ 35 ವಯಸ್ಸಾಗಿರಬೇಕು, ಅದೂ ಜೀವಮಾನದಲ್ಲಿ ಒಂದೇ ಸಲ. ಚಿಕಿತ್ಸೆ ಪಡೆಯುವವರ ವಯಸ್ಸಿಗೂ ಮಿತಿಯಿದೆ: ಹೆಣ್ಣಿಗೆ 50, ಗಂಡಿಗೆ 55.

ಇದೇ ಕಾಯ್ದೆ ದಂಪತಿಗೆ ಒಂದು ಹಕ್ಕು ಕೊಟ್ಟಿದೆ. ಆ ಆಸ್ಪತ್ರೆಯಲ್ಲಿ ಯಶಸ್ಸಿನ ಸಾಧ್ಯತೆ ಎಷ್ಟು, ಖರ್ಚು ಎಷ್ಟು, ಅಡ್ಡಪರಿಣಾಮವೇನು, ಅವಳಿ ಗರ್ಭದ ಅಪಾಯವೇನು ಎಂಬುದನ್ನು ವೈದ್ಯರ ಕಡೆಯವರು ಮೊದಲೇ ತಿಳಿಸಬೇಕು. ಲಿಖಿತ ಒಪ್ಪಿಗೆ ಪಡೆಯಬೇಕು. ದೂರು ಕೇಳಲು ವ್ಯವಸ್ಥೆ ಇಡಬೇಕು. ಆದರೆ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಇದ್ದು, ‘ಇಲ್ಲಿ ಸೈನ್ ಮಾಡಿ’ ಎಂದಷ್ಟೇ ಹೇಳಿದರೆ ಗುಂಡ್ಲುಪೇಟೆಯ ಹೆಣ್ಣುಮಗಳಿಗೆ ತಿಳಿದದ್ದೇನು? ಬರೀ ಕನ್ನಡ ಅಚ್ಚು ಹಾಕಿಸಿದರೂ ಸಾಲದು. ಕೊಯಮತ್ತೂರಿನ ದೇವಾಂಗರ ಮನೆಮಾತು ಕನ್ನಡವಾದರೂ ಅನೇಕರು ಓದುವುದು ತಮಿಳನ್ನೇ. ಅವರ ಮನೆಯ ಹಿರಿಯರಿಗೆ ಬಾಯಿಮಾತಿನಲ್ಲೇ ಹೇಳಬೇಕು.

ಗಡಿಯಾಚೆಯ ರೋಗಿಗಳಿಂದ ಲಕ್ಷಗಟ್ಟಲೆ ಪಡೆಯುವ ಆಸ್ಪತ್ರೆಗೆ ಕನ್ನಡ ಬಲ್ಲ ಒಬ್ಬ ನರ್ಸನ್ನು ಕೂರಿಸಿ, ಒಂದು ಗಂಟೆ ಬಿಡಿಸಿ ಹೇಳಿಸುವುದು ಭಾರವೇನಲ್ಲ. ಕಾಗದ ಮನೆಗೆ ಕೊಟ್ಟು, ಓದಿಸಿಕೊಂಡು ಬರಲು ಎರಡು ದಿನ ಬಿಡಲಿ. ದಂಪತಿಯೂ ನಾಚದೆ ನೋಂದಣಿ ಪತ್ರ ತೋರಿಸಿ ಎನ್ನಲಿ, ಇಂಜೆಕ್ಷನ್, ಸ್ಕ್ಯಾನ್, ಭ್ರೂಣ ಇಡುವ ವರ್ಷದ ಬಾಡಿಗೆ ಎಲ್ಲ ಸೇರಿದ ಲೆಕ್ಕವನ್ನು ಬರೆಸಿಕೊಳ್ಳಲಿ. ಮೊದಲ ಸಲ ಆಗದಿದ್ದರೆ ಮುಂದೇನು ಎಂಬುದನ್ನು ಕೇಳಬೇಕಾದದ್ದೂ ಅಲ್ಲೇ, ಹೊಲ ಅಡವಿಡುವ ಮೊದಲು.