ಅಪ್ಪನ ಕಂಪ್ಯೂಟರಿಗೆ ನಾಲ್ಕು ಪುಟಾಣಿ ತಂತ್ರಾಂಶಗಳು

ಒಂದು ಮಂಗಳವಾರ ರಾತ್ರಿ ಹತ್ತು ಗಂಟೆಗೆ ತೀರ್ಥಹಳ್ಳಿಯಿಂದ ಅಪ್ಪನ ಫೋನ್. ಅಷ್ಟೊತ್ತಿಗೆಲ್ಲ ಮಲಗಿಬಿಡುವ ಮನುಷ್ಯ. “ಪುಟ್ಟೀ, ಒಂದು ಎಡವಟ್ಟು ಮಾಡ್ಕೊಂಡೆ. ಅಜ್ಜಿ ಹಾಡೆಲ್ಲ ಹೋಯ್ತು” ಅಂದರು.

ನಮ್ಮಜ್ಜಿ ಸೋಬಾನೆ ಹಾಡು ಚೆನ್ನಾಗಿ ಹೇಳ್ತಿದ್ದರು. ತೀರಿಕೊಳ್ಳುವ ಹಿಂದಿನ ವರ್ಷ ಅಪ್ಪ ಸಂಜೆ ಹೊತ್ತು ಅವರ ಪಕ್ಕ ಕೂತು 23 ಹಾಡುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಆಮೇಲೆ ಫೋನಿನಲ್ಲಿ ಜಾಗ ಸಾಲದು ಅಂತ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಫೋನಿನಿಂದ ಅಳಿಸಿದ್ದರು. ಹಾಕಿದ್ದು ‘ನ್ಯೂ ಫೋಲ್ಡರ್ 3’ ಅನ್ನೋ ಫೋಲ್ಡರಿಗೆ. ಈಗ ಕಂಪ್ಯೂಟರ್ ತುಂಬಿಹೋಗಿ ತೆವಳುತ್ತಿತ್ತು. ರಿಪೇರಿ ಅಂಗಡಿಯವನು “ಹೊಸ ಹಾರ್ಡ್ ಡಿಸ್ಕ್ ಹಾಕಿಸಬೇಕು ಸಾರ್” ಅಂದನಂತೆ. ಖರ್ಚು ಉಳಿಸೋಣ ಅಂತ ಅಪ್ಪ ಬೇಡದ ಫೋಲ್ಡರುಗಳನ್ನು ತೆಗೆಯಲು ಕೂತಿದ್ದಾರೆ. ಶಿಫ್ಟ್ ಒತ್ತಿಕೊಂಡು ಡಿಲೀಟ್ ಕೊಟ್ಟರೆ ಫೈಲು ರೀಸೈಕಲ್ ಬಿನ್ನಿಗೂ ಹೋಗದೆ ನೇರ ಮಾಯವಾಗುತ್ತೆ ಅನ್ನುವ ವಿದ್ಯೆಯನ್ನು ಅವರಿಗೆ ಕಲಿಸಿದ್ದು ನಾನೇ!

“ಅಪ್ಪ, ಈಗಲೇ ಕಂಪ್ಯೂಟರ್ ಆಫ್ ಮಾಡಿ. ಶನಿವಾರ ನಾನು ಬರೋವರೆಗೆ ಯಾರೂ ಆನ್ ಮಾಡಬೇಡಿ” ಅಂದೆ.

ಯಾಕೆ ಹಾಗಂದೆ ಅಂತ ಹೇಳ್ತೀನಿ. ನಾವು ಡಿಲೀಟ್ ಮಾಡಿದಾಗ ಹಾರ್ಡ್ ಡಿಸ್ಕಿನಿಂದ ಫೈಲು ತಕ್ಷಣ ಅಳಿದುಹೋಗುವುದಿಲ್ಲ. ಪುಸ್ತಕದ ಪರಿವಿಡಿಯಲ್ಲಿ ಒಂದು ಪಾಠದ ಹೆಸರು ಹೊಡೆದುಹಾಕಿದ ಹಾಗೆ ಅಷ್ಟೇ. ಪುಟಗಳು ಒಳಗೆ ಹಾಗೇ ಇರುತ್ತವೆ. ಆದರೆ ಆ ಜಾಗ ಖಾಲಿ ಅಂತ ಲೆಕ್ಕವಾಗಿರುವುದರಿಂದ, ಮುಂದೆ ಬರುವ ಹೊಸ ಫೈಲು ಅದರ ಮೇಲೇ ಬರೆದುಕೊಳ್ಳಬಹುದು. ಕಂಪ್ಯೂಟರನ್ನು ಬಳಸಿದಷ್ಟೂ ಹಳೆಯದು ಸಿಗುವ ಆಸೆ ಕಡಿಮೆ. ಇನ್ನೊಂದು ಮಾತು: ಇದು ಹಳೇ ಮಾದರಿಯ ಹಾರ್ಡ್ ಡಿಸ್ಕಿನ ಕಥೆ. ಈಗಿನ ಎಸ್‌ಎಸ್‌ಡಿಗಳು ಅಳಿಸಿದ ಜಾಗವನ್ನು ಸಾಮಾನ್ಯವಾಗಿ ತಾವೇ ಬೇಗ ಶುದ್ಧ ಮಾಡಿಬಿಡುತ್ತವೆ. ಅಲ್ಲಿ ವಾಪಸ್ ಸಿಗುವುದು ಕಷ್ಟ. ಅಪ್ಪನದು ಹಳೇ ಡಿಸ್ಕ್ ಆಗಿದ್ದು ನಮ್ಮ ಪುಣ್ಯ.

ಶನಿವಾರ ಪೆನ್‌ಡ್ರೈವಿನಲ್ಲಿ ಮೊದಲನೇ ತಂತ್ರಾಂಶ ತಗೊಂಡು ಹೋದೆ. ಹೆಸರು ರೆಕುವಾ. ಅಳಿಸಿದ ಫೈಲುಗಳನ್ನು ಹುಡುಕುವುದೇ ಇದರ ಕೆಲಸ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡಿಸುವ ಪೋರ್ಟಬಲ್ ಆವೃತ್ತಿ ಇದೆ, ಅದನ್ನೇ ಬಳಸಿ. ಕಳೆದ ಫೈಲು ಇರುವ ಡಿಸ್ಕಿಗೇ ಇದನ್ನು ಇನ್‌ಸ್ಟಾಲ್ ಮಾಡಿದರೆ ಹುಡುಕಬೇಕಾದ್ದನ್ನು ನಾವೇ ತುಳಿದ ಹಾಗಾಗುತ್ತೆ. ಸಿಕ್ಕ ಫೈಲನ್ನು ಉಳಿಸುವುದೂ ಬೇರೆ ಡ್ರೈವಿನಲ್ಲೇ. ಹುಡುಕಿದ ಮೇಲೆ ಪ್ರತಿ ಫೈಲಿನ ಮುಂದೆ ಒಂದು ಚುಕ್ಕೆ ಕಾಣುತ್ತೆ: ಹಸಿರಾದರೆ ಚೆನ್ನಾಗಿದೆ, ಕಿತ್ತಳೆಯಾದರೆ ಅರೆಬರೆ, ಕೆಂಪಾದರೆ ಆಸೆ ಬಿಡಿ. ಅಪ್ಪ ಕುರ್ಚಿ ಎಳ್ಕೊಂಡು ಪಕ್ಕದಲ್ಲಿ ಕೂತು, ಒಂದೊಂದೇ ಹಸಿರು ಚುಕ್ಕೆ ಎಣಿಸುತ್ತಿದ್ದರು. 23ರಲ್ಲಿ 19 ಹಾಡು ಸಿಕ್ಕವು. ಮೊದಲನೆಯದು ಹಾಕಿದಾಗ ಅಜ್ಜಿ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಅಮ್ಮ ಒಲೆ ಆರಿಸಿ ಬಂದು ನಿಂತರು.

ಹಾಡುಗಳನ್ನು ಜೋಪಾನ ಮಾಡಿದ ಮೇಲೆ, ಡಿಸ್ಕ್ ತುಂಬಿದ್ದು ಯಾಕೆ ಅಂತ ನೋಡಬೇಕಲ್ಲ? ಅದಕ್ಕೆ ವಿನ್‌ಡರ್‌ಸ್ಟ್ಯಾಟ್. 2003ರಿಂದ ಇರುವ ಉಚಿತ ತಂತ್ರಾಂಶ. ಇಡೀ ಡಿಸ್ಕನ್ನು ಬಣ್ಣ ಬಣ್ಣದ ಚೌಕಗಳಾಗಿ ತೋರಿಸುತ್ತೆ, ದೊಡ್ಡ ಫೈಲಿಗೆ ದೊಡ್ಡ ಚೌಕ. ಕೌದಿ ಹರಡಿದ ಹಾಗೆ ಕಾಣುತ್ತೆ. ಅಪ್ಪನ ಕೌದಿಯಲ್ಲಿ ಒಂದೇ ತರಹದ ಮೂರು ತೇಪೆ! ಫೋನಿನ ವಿಡಿಯೋಗಳನ್ನು ಮೂರು ಸಲ ಮೂರು ಕಡೆ ಕಾಪಿ ಮಾಡಿದ್ದರು. ಎರಡು ತೆಗೆದೆವು. ಹೊಸ ಡಿಸ್ಕ್ ಬೇಕಾಗಲೇ ಇಲ್ಲ. ಒಂದು ಎಚ್ಚರಿಕೆ: ಚೌಕ ದೊಡ್ಡದಿದೆ ಅಂತ ‘ವಿಂಡೋಸ್’ ಅನ್ನುವ ಫೋಲ್ಡರಿಗೆ ಮಾತ್ರ ಕೈ ಹಾಕಬೇಡಿ.

ಮೂರನೆಯದು ಎವ್ರಿಥಿಂಗ್. ಫೈಲಿನ ಹೆಸರಿನಲ್ಲಿ ಎರಡಕ್ಷರ ನೆನಪಿದ್ದರೆ ಸಾಕು, ಟೈಪ್ ಮಾಡುತ್ತಿದ್ದಂತೆ ಪಟ್ಟಿ ಬರುತ್ತೆ. ವಿಂಡೋಸ್ ಡಿಸ್ಕಿನಲ್ಲಿ ಎಲ್ಲಾ ಫೈಲುಗಳ ಹೆಸರಿನ ಒಂದು ಪಟ್ಟಿ ಇರುತ್ತದಲ್ಲ, ಅದನ್ನೇ ಇದು ಓದಿಕೊಳ್ಳುವುದರಿಂದ ಇಷ್ಟು ವೇಗ. “ಪಹಣಿ ಸ್ಕ್ಯಾನ್ ಮಾಡಿಟ್ಟಿದ್ದೆ, ಎಲ್ಲೋ ಇದೆ” ಅಂತ ಅಪ್ಪ ಒಂದು ವರ್ಷದಿಂದ ಹೇಳ್ತಿದ್ದ ಫೈಲು ಕಣ್ಣು ಮಿಟುಕಿಸುವಷ್ಟರಲ್ಲಿ ಸಿಕ್ಕಿತು. ಆದರೆ ಹೆಸರೇ ಇಡದ ಫೈಲನ್ನು ಯಾವ ತಂತ್ರಾಂಶ ತಾನೇ ಹುಡುಕೀತು? ಆದ್ದರಿಂದ ‘ನ್ಯೂ ಫೋಲ್ಡರ್’ ಸಂಸ್ಕೃತಿಗೆ ನಮ್ಮ ಮನೆಯಲ್ಲಿ ಅಂದೇ ನಿಷೇಧ.

ಅಷ್ಟರಲ್ಲಿ ಪಕ್ಕದ ಮನೆ ಹುಡುಗಿ ಬಂದಳು. “ಅಕ್ಕಾ, ಅರ್ಜಿಗೆ ಫೋಟೋ 50 ಕೆಬಿ ಒಳಗೇ ಇರಬೇಕಂತೆ, ತಗೋತಾನೇ ಇಲ್ಲ.” ಇದಕ್ಕೆ ಇರ್ಫಾನ್‌ವ್ಯೂ. 1996ರಿಂದ ಇದೆ, ಮನೆ ಬಳಕೆಗೆ ಉಚಿತ. ಫೋಟೋವನ್ನು ಜೆಪಿಜಿಯಾಗಿ ಉಳಿಸುವಾಗ ಇಷ್ಟೇ ಕೆಬಿ ಇರಲಿ ಅಂತ ನಾವೇ ಸಂಖ್ಯೆ ಕೊಡಬಹುದು. ನೂರು ಫೋಟೋಗಳನ್ನು ಒಟ್ಟಿಗೇ ಚಿಕ್ಕದು ಮಾಡುವ ಸೌಕರ್ಯವೂ ಉಂಟು. ಎರಡು ನಿಮಿಷದಲ್ಲಿ ಅವಳ ಕೆಲಸ ಮುಗೀತು.

ಈ ಯಾವುದಕ್ಕೂ ದುಡ್ಡು ಕೊಡಬೇಕಾಗಿಲ್ಲ. ಆದರೆ ಇಳಿಸಿಕೊಳ್ಳುವಾಗ ಹುಷಾರು. ಹೆಸರು ಹುಡುಕಿದರೆ ಮೊದಲು ಬರುವುದು ಎಷ್ಟೋ ಸಲ ಜಾಹೀರಾತು. ದೊಡ್ಡ ಹಸಿರು ‘ಡೌನ್‌ಲೋಡ್’ ಗುಂಡಿ ಒತ್ತಿದರೆ ಬೇರೆಯದೇ ಏನೋ ಬಂದು ಕೂರುತ್ತೆ. ತಯಾರಿಸಿದವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಮಾಡುವಾಗ ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತದೆ, ಜೊತೆಗೆ ಬೇರೇನಾದರೂ ಸೇರಿಸಲು ಟಿಕ್ ಹಾಕಿಟ್ಟಿದ್ದಾರಾ ನೋಡಿ ತೆಗೆಯಿರಿ. “ನಿಮ್ಮ ಕಂಪ್ಯೂಟರಿನಲ್ಲಿ 400 ದೋಷಗಳಿವೆ” ಅಂತ ಹೆದರಿಸುವ ರಿಜಿಸ್ಟ್ರಿ ಕ್ಲೀನರ್‌ಗಳ ಸಹವಾಸ ಬೇಡವೇ ಬೇಡ.

ಹೊರಡುವ ಮುಂಚೆ ಹಾಡುಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಟ್ಟೆ, ಇನ್ನೊಂದು ಪ್ರತಿಯನ್ನು ಬೆಂಗಳೂರಿಗೆ ತಂದೆ. ಇದಕ್ಕೆ ಯಾವ ತಂತ್ರಾಂಶವೂ ಬೇಕಿಲ್ಲ, ಕಾಪಿ, ಪೇಸ್ಟ್ ಬಂದರೆ ಸಾಕು. ಇದನ್ನು ಅವತ್ತೇ ಮಾಡಿದ್ದರೆ ರೆಕುವಾ ಬೇಕಾಗುತ್ತಲೇ ಇರಲಿಲ್ಲ. ಹಾಗಾಗಿ ಈ ವಾರ ನೀವು ನಾಲ್ಕರಲ್ಲಿ ಒಂದನ್ನೂ ಇಳಿಸಿಕೊಳ್ಳದಿದ್ದರೂ ಪರವಾಗಿಲ್ಲ. ನಿಮ್ಮ ಮನೆಯಲ್ಲಿ ಒಂದೇ ಪ್ರತಿ ಇರುವ ದನಿಯೋ ಫೋಟೋವೋ ಇದ್ದರೆ, ಅದಕ್ಕೊಂದು ಹೆಸರಿಟ್ಟು ಇನ್ನೊಂದು ಕಡೆ ಕಾಪಿ ಮಾಡಿ.

ಆ ನಾಲ್ಕು ಹಾಡು ಸಿಗಲಿಲ್ಲ. ನಾನು ಬಸ್ಸು ಹತ್ತುವಾಗ ಅಪ್ಪ ಶೃಂಗೇರಿಯ ಅತ್ತೆಗೆ ಫೋನ್ ಮಾಡುತ್ತಿದ್ದರು. “ಅಮ್ಮ ಹೇಳ್ತಿದ್ದ ಹಸೆಗೆ ಕರೆಯೋ ಹಾಡು ನಿಂಗೆ ಪೂರ್ತಿ ಬರುತ್ತೇನೇ? ಬಂದರೆ ಭಾನುವಾರ ಬರ್ತೀನಿ, ಫೋನ್ ಚಾರ್ಜ್ ಮಾಡ್ಕೊಂಡು.”